ಬಣ್ಣ ಹೇಳುವವಳು

ಬಂಗಾರದ ಆ ಬ್ರಿಜ್ಜು ನನ್ನ ಕೈಗೆ ಬರುವಾಗಲೇ ಎರಡು ತುಂಡಾಗಿತ್ತು. ವಿದ್ಯಾನಗರದ ಹಲ್ಲಿನ ಡಾಕ್ಟರು ಅದನ್ನು ಹತ್ತಿಯಲ್ಲಿ ಸುತ್ತಿ, ಚಿಕ್ಕದೊಂದು ಡಬ್ಬಿಯಲ್ಲಿಟ್ಟು, ಗೋಕುಲ ರಸ್ತೆಯ ನಮ್ಮ ಲ್ಯಾಬಿಗೆ ತಾವೇ ತಂದುಕೊಟ್ಟರು. ಡಾಕ್ಟರು ತಾವಾಗಿ ಲ್ಯಾಬಿನ ಮೆಟ್ಟಿಲು ಹತ್ತಿದರೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಉಳಿದ ದಿನ ಫೋನಿನಲ್ಲೇ ಅವಸರ ಮಾಡುತ್ತಾರೆ, ಅವಸರ ಮಾಡಿದ್ದಕ್ಕೆ ಬೇಜಾರಾಗಬೇಡಿ ಎಂದು ಫೋನಿನಲ್ಲೇ ಹೇಳುತ್ತಾರೆ. ಮನುಷ್ಯ ಒಳ್ಳೆಯವರು, ಕಾಲಿಗೆ ಚಕ್ರ ಕಟ್ಟಿಕೊಂಡವರು.

ಡಬ್ಬಿ ತೆರೆದು ನೋಡಿದ ಕೂಡಲೇ ಅದು ಯಾರ ಕೆಲಸವೆಂದು ತಿಳಿಯಿತು. ಎರಡು ಹಲ್ಲು ಕೂಡುವ ಕಡೆ, ಕೆನ್ನೆಯ ಬದಿಗೆ, ಎಳ್ಳಿನಷ್ಟು ತಗ್ಗು ಬಿಟ್ಟು ನುಣುಪು ಮಾಡುವ ರೂಢಿ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಒಬ್ಬರಿಗೇ ಇತ್ತು. ನಮ್ಮ ಮನೆಯವರಿಗೆ. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಅವರ ಕೆಲಸ ಊರವರ ಬಾಯಲ್ಲಿ ಇನ್ನೂ ಇದೆ ಎಂದು ಗೊತ್ತಿತ್ತು. ಹೀಗೆ ಮುರಿದುಕೊಂಡು ನನ್ನ ಮೇಜಿಗೆ ತಿರುಗಿ ಬರುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಬ್ರಿಜ್ಜು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ನಡುವಿನ ಹಲ್ಲು ಹೋದಾಗ ಆಚೀಚಿನ ಹಲ್ಲುಗಳನ್ನು ಸವೆಸಿ ಅವಕ್ಕೆ ಕ್ಯಾಪು ಹಾಕುತ್ತಾರೆ. ಆ ಎರಡು ಕ್ಯಾಪುಗಳ ನಡುವೆ ಸುಳ್ಳು ಹಲ್ಲು ತೂಗುತ್ತದೆ. ಇದು ನಾಲ್ಕು ಹಲ್ಲಿನದು. ಮುಂದೊಂದು ಕ್ಯಾಪು, ಹಿಂದೆ ದವಡೆಗೊಂದು ಕ್ಯಾಪು, ನಡುವೆ ತೂಗುವ ಎರಡು ಹಲ್ಲು. ಇಷ್ಟುದ್ದದ್ದನ್ನು ಒಂದೇ ಎರಕದಲ್ಲಿ ಹೊಯ್ದರೆ ಆರುವಾಗ ಸೊಟ್ಟಗಾಗುತ್ತದೆ, ಬಾಯಲ್ಲಿ ಕೂರುವುದಿಲ್ಲ. ಅದಕ್ಕೇ ನಮ್ಮವರು ಮೂರು ತುಂಡಾಗಿ ಎರಕ ಹೊಯ್ದು ಆಮೇಲೆ ಬೆಸೆಯುತ್ತಿದ್ದರು. ಹಾಗಾಗಿ ಇದರಲ್ಲಿ ಎರಡು ಬೆಸುಗೆ. ಮುಂದಿನದು ಬಿಟ್ಟುಕೊಂಡಿತ್ತು, ಹಿಂದಿನದು ಗಟ್ಟಿಯಾಗಿತ್ತು.

ಹೊಸದು ಮಾಡಿಕೊಡುತ್ತೇನೆ ಎಂದು ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಕೈ ಅಡ್ಡ ಹಿಡಿದರು.

“ಹೊಸಾದು ಅನ್ನಬ್ಯಾಡ್ರಿ ಅಕ್ಕಾರ. ಒಳಗಿನ ಹಲ್ಲು ಕಡ್ಡಿ ಆಗ್ಯಾವ. ಇನ್ನೊಮ್ಮೆ ಸವಸಿದ್ರ ಮುರೀತಾವ.”

ಆಮೇಲೆ ಪೂರ್ತಿ ಹೇಳಿದರು. ಬ್ರಿಜ್ಜಿನ ಯಜಮಾನರು ಹತ್ತಿ, ಕಾಳುಕಡಿ ವ್ಯಾಪಾರ ಮಾಡಿ ಈಗ ಮನೆಯಲ್ಲಿರುವ ಹಿರಿಯ ಸಾವಕಾರರು. ಎದೆಗೆ ಸ್ಟೆಂಟ್ ಹಾಕಿದೆ, ರಕ್ತ ತಿಳಿಮಾಡುವ ಗುಳಿಗೆ ನಡೆದಿದೆ. ಹಲ್ಲು ಕೀಳುವ ಮಾತು ಎತ್ತಬೇಡಿ ಎಂದು ಎದೆಯ ಡಾಕ್ಟರು ಹೇಳಿದ್ದಾರೆ. ಬಾಯಿಯ ಇನ್ನೊಂದು ಬದಿಯಲ್ಲಿ ಅಗಿಯಲು ಏನೂ ಉಳಿದಿಲ್ಲ. ಊಟ ಮಾಡುತ್ತಿದ್ದಾಗ ರೊಟ್ಟಿಯ ತುತ್ತಿನ ಜೊತೆ ಮುಂದಿನ ಕ್ಯಾಪು ಕಳಚಿ ಗಂಟಲಿಗೆ ಹೋಗಿತ್ತಂತೆ. ಸೊಸೆ ಬೆನ್ನಿಗೆ ಗುದ್ದಿದ ಮೇಲೆ ಕೆಮ್ಮಿ ಉಗುಳಿದರಂತೆ. ಉಳಿದ ಭಾಗವನ್ನು ಡಾಕ್ಟರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದರು. ಈ ಬ್ರಿಜ್ಜೇ ತಿರುಗಿ ಕೂರಬೇಕು. ನನ್ನ ಬೆಂಕಿಯಲ್ಲಿ ಇದರ ಅಂಚು ಕರಗಿತೋ, ಸೊಟ್ಟಗಾಯಿತೋ, ಆ ಹಿರಿಯರು ಇದ್ದಷ್ಟು ದಿನ ಗಂಜಿ ಕುಡಿದುಕೊಂಡಿರಬೇಕು.

ಈಗ ಕಂಪ್ಯೂಟರಿನಲ್ಲಿ ಹಲ್ಲು ಬಿಡಿಸಿ ಮಷೀನಿನಲ್ಲಿ ಕೊರೆಯುವ ಕಾಲ. ನಾನೂ ಅದನ್ನೇ ಹೆಚ್ಚು ಮಾಡುತ್ತೇನೆ, ಹೊಟ್ಟೆಪಾಡು. ಬೆಂಕಿ ಹಿಡಿದು ಬಂಗಾರ ಬೆಸೆಯುವವರು ಊರಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಆದರೂ ಡಾಕ್ಟರು ಅದಕ್ಕಾಗಿ ನನ್ನ ಬಳಿ ಬಂದಿರಲಿಲ್ಲ. ನಮ್ಮವರು ಮಾಡಿದ್ದು ನಮ್ಮವರ ಮನೆಯಲ್ಲೇ ರಿಪೇರಿಯಾಗಲಿ ಎಂದು ಸಾವಕಾರರು ಹಟ ಹಿಡಿದಿದ್ದರಂತೆ.

ಮರುದಿನ ಕ್ಲಿನಿಕ್ಕಿಗೆ ಹೋದೆ. ಮುರಿದ ತುಂಡುಗಳನ್ನು ಮೇಜಿನ ಮೇಲೆ ಅಂದಾಜಿನಿಂದ ಜೋಡಿಸುವಂತಿಲ್ಲ. ಬಾಯಲ್ಲೇ ಕೂರಿಸಿ, ಹಲ್ಲು ಕಚ್ಚಿಸಿ, ಮುರಿದ ಜಾಗಕ್ಕೆ ಕೆಂಪು ರಾಳದಂಥ ಅಂಟನ್ನು ಹನಿ ಹನಿಯಾಗಿ ಇಟ್ಟು, ಅದು ಕಲ್ಲಾಗುವತನಕ ಕಾಯಬೇಕು. ಹಾಗೆ ಹಿಡಿದದ್ದು ಕೂದಲೆಳೆಯಷ್ಟೂ ಅಲುಗದಂತೆ ಹೊರಗೆ ಬರಬೇಕು. ಡಾಕ್ಟರು ಅಂಟು ಇಡುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ದೀಪ ಹಿಡಿದಿದ್ದೆ. ಬಾಯಿ ತೆರೆದುಕೊಂಡಿದ್ದ ಸಾವಕಾರರು ಕಣ್ಣಲ್ಲೇ ನನ್ನನ್ನು ಮಾತಾಡಿಸುತ್ತಿದ್ದರು. ಬಾಯಿ ಖಾಲಿಯಾದದ್ದೇ ತಡ, ಸುರುವಾಯಿತು ಪುರಾಣ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ತಾವು ಎರಡೂ ಇದ್ದ ಪುಣ್ಯವಂತರಂತೆ, ನಮ್ಮವರ ದಯೆಯಿಂದ. ಈ ಹಲ್ಲು ಹಾಕಿಸಿಕೊಂಡದ್ದು ಪಂಚಮಿ ಹಬ್ಬದಲ್ಲಂತೆ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ತಂಬಿಟ್ಟು ಎಲ್ಲ ಡಬ್ಬಿಯಲ್ಲಿ ಕೂತು ಕರೆಯುತ್ತಿದ್ದರೆ ಡಾಕ್ಟರು ಗಟ್ಟಿ ಪದಾರ್ಥ ಮುಟ್ಟಬೇಡಿ ಎಂದಿದ್ದರಂತೆ. ಇವರು ಕದ್ದು ತಿಂದು ನೋಡಿದರೆ ಬ್ರಿಜ್ಜು ಜಪ್ಪಯ್ಯ ಎಂದರೂ ಅಲುಗಲಿಲ್ಲವಂತೆ.

“ನಿಮ್ಮ ಮನಿಯವರದು ಕೈ ಅಲ್ಲ ತಂಗಿ ಅದು, ದೇವರ ಕೊಟ್ಟಿದ್ದು,” ಎಂದರು.

ನಕ್ಕೆ. ಗಂಡನ ಹೊಗಳಿಕೆ ಕೇಳುವುದು ಯಾರಿಗೆ ಬೇಡ?

ಲ್ಯಾಬಿಗೆ ಬಂದು ಭೂತಗನ್ನಡಿಯ ಕೆಳಗೆ ಮುರಿದ ಮುಖವನ್ನು ನೋಡಿದೆ. ಬೆಸುಗೆ ಬಿಟ್ಟ ಕಡೆ ಬಂಗಾರದ ಹೊಳಪಿರಬೇಕಿತ್ತು. ಇಲ್ಲಿ ಅಂಚಿಗೆ ಮಾತ್ರ ತೆಳ್ಳಗಿನ ಹೊಳಪು, ನಡುವೆ ಕಪ್ಪು. ವರ್ಷಗಟ್ಟಲೆ ಎಂಜಲು, ಹುಳಿ, ಖಾರ ತಾಗಿ ಹೀಗಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಥ ಮುಖವನ್ನು ಹಸಿ ಬಂಗಾರ ಕಾಣುವತನಕ ಸವೆಸಿ ಬೆಸೆಯಬೇಕು. ಅದು ಈ ಕೆಲಸದ ಮೊದಲ ಪಾಠ. ನನಗೆ ಮನಸ್ಸು ಬರಲಿಲ್ಲ. ಕಪ್ಪನ್ನು ಮೇಲೆ ಮೇಲೆ ಉಜ್ಜಿ ತೆಗೆದೆ, ಅವರ ಬೆಸುಗೆ ಎಷ್ಟು ಉಳಿಯುತ್ತದೋ ಅಷ್ಟು ಉಳಿಯಲಿ ಎಂದು ಬಿಟ್ಟೆ. ಎಳ್ಳಿನಷ್ಟು ತಗ್ಗನ್ನಂತೂ ಮುಟ್ಟಲೇ ಇಲ್ಲ.

ಬೆಂಕಿ ತಾಳುವ ಗಾರೆಯನ್ನು ಕಲಸಿ ಅದರಲ್ಲಿ ಬ್ರಿಜ್ಜನ್ನು ಹೂತೆ. ಹಿಂದಿನ ಗಟ್ಟಿ ಬೆಸುಗೆಗೆ ಕಾವು ತಾಗದಂತೆ ಅದರ ಮೇಲೆ ದಪ್ಪಗೆ ಗಾರೆ ಹಾಕಿದೆ. ಮುಂದಿನದರ ಎದುರಿಗೆ ಮಾತ್ರ ಉರಿ ಒಳನುಗ್ಗಲು ದಾರಿ ಕೊರೆದೆ. ಗಾರೆ ಗಟ್ಟಿಯಾದ ಮೇಲೆ ಕೆಂಪು ಅಂಟನ್ನು ಕುಲುಮೆಯಲ್ಲಿ ಸುಟ್ಟು ಕಳೆದೆ. ಉಳಿದದ್ದು ಎರಡು ಬಂಗಾರದ ನಡುವೆ ಲಗ್ನಪತ್ರಿಕೆ ತೂರಿಸುವಷ್ಟು ಸಂದು. ಸಂದು ಹೆಚ್ಚಾದರೆ ಆರುವಾಗ ಎಳೆದುಕೊಂಡು ಸೊಟ್ಟಗಾಗುತ್ತದೆ, ಸಂದೇ ಇಲ್ಲವೆಂದರೆ ಬೆಸುಗೆ ಒಳಗೆ ಇಳಿಯುವುದಿಲ್ಲ. ಕ್ಯಾಪಿನ ಅಂಚಿಗೆ ಬರೆಯುವ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಕರಗಿದ ಬೆಸುಗೆ ಪೆನ್ಸಿಲ್ ಗೆರೆ ದಾಟುವುದಿಲ್ಲ. ಲಕ್ಷ್ಮಣರೇಖೆ ಎಂದು ನಮ್ಮವರು ನಗುತ್ತಿದ್ದರು.

ಬೆಂಕಿ ಕೆಲಸಕ್ಕೆ ಒಳಗಿನ ಸಣ್ಣ ಕೋಣೆಯಿದೆ. ಅಲ್ಲಿ ಕಿಟಕಿಗೆ ದಪ್ಪ ಪರದೆ ಎಳೆದು ಮಬ್ಬು ಮಾಡಿಕೊಳ್ಳಬೇಕು. ಬೆಳಕಿದ್ದರೆ ಕಾದ ಬಂಗಾರದ ಬಣ್ಣ ತಿಳಿಯುವುದಿಲ್ಲ, ಬಣ್ಣ ತಿಳಿಯದಿದ್ದರೆ ಬೆಸುಗೆ ಇಲ್ಲ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಸಂಜೆ. ಗ್ಯಾಸ್ ಟಾರ್ಚ್ ಹಚ್ಚಿ, ನೀಲಿ ಉರಿಯ ಮುಂದಿನ ಮೆತ್ತನೆಯ ಭಾಗದಿಂದ ಗಾರೆಯನ್ನು ಸುತ್ತ ಕಾಯಿಸುತ್ತ ಬಂದೆ. ಸಂದಿನ ಮೇಲೆ ಬೆಸುಗೆಯ ಚೂರು, ಅದು ಸಲೀಸಾಗಿ ಹರಿಯಲೆಂದು ಹಚ್ಚಿದ ಬಿಳಿಗಾರ. ಬಿಳಿಗಾರ ಉಬ್ಬಿ, ಕುಣಿದು, ಕಡೆಗೆ ಗಾಜಿನಂತೆ ಇಳಿಯಿತು.

“ಕುಂಕುಮ,” ಎಂದೆ.

ಕೋಣೆಯಲ್ಲಿ ಯಾರೂ ಇಲ್ಲ. ಆದರೂ ನಾನು ಬಣ್ಣ ಹೇಳುತ್ತೇನೆ. ನಮ್ಮಲ್ಲಿ ಬೆಸುಗೆ ಹಾಕುವ ರೀತಿಯೇ ಹಾಗಿತ್ತು. ಉರಿ ಅವರ ಕೈಯಲ್ಲಿ, ಬಣ್ಣ ನನ್ನ ಬಾಯಲ್ಲಿ. ಅವರು “ಬಣ್ಣ?” ಎನ್ನಬೇಕು, ನಾನು ಕುಂಕುಮ, ಕುಂಕುಮ ದಾಟಿತು, ಕೇಸರಿ ಎಂದು ಹೇಳುತ್ತ ಹೋಗಬೇಕು. ಬೆಸುಗೆ ಕರಗಿ ಸಂದಿನೊಳಗೆ ಮಿಂಚಿ ಹರಿದ ಕೂಡಲೇ “ಓಡ್ತು” ಎನ್ನಬೇಕು. ಆ ಕ್ಷಣಕ್ಕೆ ಅವರು ಉರಿ ಎತ್ತುತ್ತಿದ್ದರು. ಒಂದು ಉಸಿರಿನಷ್ಟು ತಡವಾದರೂ ಕ್ಯಾಪು ಕುಸಿಯುತ್ತದೆ. ಆ ರೂಢಿ ಅವರು ಹೋದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಮೋಟರಿಗೆ ತಂತಿ ಸುತ್ತುವವರು ಅಕ್ಕಾರು ದೇವರ ನಾಮ ಹೇಳುತ್ತಾರೆ ಎಂದುಕೊಂಡಿದ್ದಾರೆ.

ಆ ಮಧ್ಯಾಹ್ನ ಕೇಸರಿ ಎನ್ನುವಾಗ ನನ್ನ ಬಲಕ್ಕೆ ಹಿಂದೆ ಯಾರೋ ಮೂಗಿನಿಂದ ಉಸಿರು ಬಿಟ್ಟ ಹಾಗಾಯಿತು. ಅವರು ಗಮನವಿಟ್ಟಾಗ ಹಾಗೆ ಉಸಿರು ಬಿಡುತ್ತಿದ್ದರು. ತಿರುಗಿ ನೋಡಲಿಲ್ಲ. ಉರಿ ಕೈಯಲ್ಲಿದ್ದಾಗ ತಿರುಗುವಂತಿಲ್ಲ, ಮತ್ತೆ ನನಗೆ ಹೆದರಿಕೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಬೆಸುಗೆ ಮಿಂಚಿತು, ಓಡಿತು, ಉರಿ ಎತ್ತಿದೆ. ಮೇಲಿಂದ ನೋಡಿದರೆ ಗೆರೆಯೇ ಕಾಣದಂಥ ಬೆಸುಗೆ.

ಆರಿಸಿ, ಗಾರೆ ಒಡೆದು, ಆಮ್ಲದ ನೀರಿನಲ್ಲಿ ತೊಳೆದು, ಎರಡೂ ತುದಿ ಹಿಡಿದು ಬೆರಳಿನಿಂದ ಮೆಲ್ಲಗೆ ಬಾಗಿಸಿ ನೋಡಿದೆ. ನಮ್ಮಲ್ಲಿ ಬೆಸುಗೆಯ ಪರೀಕ್ಷೆ ಇಷ್ಟೇ. ಪಟ್ ಎಂದು ಸದ್ದಾಯಿತು. ನನ್ನ ಎರಡು ಕೈಯಲ್ಲಿ ಎರಡು ತುಂಡು.

ನನ್ನ ಬೆಸುಗೆ ತಾನು ತಾಗಿದ ಕಡೆ ಗಟ್ಟಿಯಾಗಿ ಹಿಡಿದಿತ್ತು. ಬಿಟ್ಟದ್ದು ಅದರ ಕೆಳಗಿನ ಅವರ ಬೆಸುಗೆ. ನಾನು ಉಳಿಸಿದ್ದ ಹಳೆಯ ಬೆಸುಗೆ ತೊಗಟೆಯ ಹಾಗೆ ಎದ್ದು ಬಂದಿತ್ತು, ಅದರ ಕೆಳಗೆ ಗಾಜು. ಎಂಜಲು, ಹುಳಿ ಗಾಜು ಮಾಡುವುದಿಲ್ಲ. ಅದು ಬೆಸೆಯುವಾಗ ಒಳಗೇ ಸಿಕ್ಕಿಕೊಂಡ ಬಿಳಿಗಾರ. ಬಂಗಾರ ಸಾಕಷ್ಟು ಕಾಯುವ ಮೊದಲೇ ಉರಿ ಎತ್ತಿದರೆ ಹೀಗಾಗುತ್ತದೆ. ಬೆಸುಗೆ ಒಳಗಿಳಿಯದೆ ಹೊರಗೆ ಚರ್ಮ ಹಾಸಿ ನಿಂತುಬಿಡುತ್ತದೆ. ಕಲಿಯುವವರು ಮಾಡುವ ತಪ್ಪು. ಅವರು ಕಲಿಯುವವರಾಗಿರಲಿಲ್ಲ.

ಯಾರಿಗಾದರೂ ಒಮ್ಮೆ ಕೈ ತಪ್ಪುತ್ತದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಕಣ್ಣು ಹಿಂದಿನ ಬೆಸುಗೆಯ ಮೇಲೆ ಹೋಯಿತು. ಅದು ಗಟ್ಟಿಯಾಗಿ, ನುಣ್ಣಗೆ, ತಗ್ಗಿನ ಸಮೇತ ಕೂತಿತ್ತು. ಬಾಗಿಸಿದೆ, ಬಾಗಲಿಲ್ಲ. ಬಂಗಾರದ ಒಳಗು ಎಕ್ಸರೇಗೂ ಕಾಣುವುದಿಲ್ಲ. ಅದು ಒಳಗೆ ಹೇಗಿದೆ ಎಂದು ತಿಳಿಯಲು ಕೊಯ್ಯುವುದೊಂದೇ ದಾರಿ. ಕೊಯ್ದರೆ ಬ್ರಿಜ್ಜು ಮೂರು ತುಂಡು, ಮತ್ತೆ ಬಾಯಲ್ಲಿ ಜೋಡಣೆ, ಮತ್ತೆ ಬೆಂಕಿ, ಅದೂ ಎರಡು ಕಡೆ. ಹಳೆಯ ಬಂಗಾರ ಬೆಂಕಿಗೆ ಎಷ್ಟು ಸಲ ಮೈಯೊಡ್ಡೀತು? ಕೊಯ್ಯದಿದ್ದರೆ ಸಾವಕಾರರು ಇನ್ನೊಂದು ದಿನ ಊಟಕ್ಕೆ ಕೂತಾಗ ಏನಾದೀತು? ಆಗ ಬೆನ್ನಿಗೆ ಗುದ್ದಲು ಸೊಸೆ ಹತ್ತಿರದಲ್ಲಿ ಇರುತ್ತಾಳೆಂದು ಯಾರು ಬರೆದುಕೊಟ್ಟಿದ್ದಾರೆ?

ಎರಡು ದಿನ ಆ ಡಬ್ಬಿ ಮುಟ್ಟಲಿಲ್ಲ. ಬೇರೆ ಕೆಲಸ ಮಾಡಿದೆ, ಬೇರೆ ಡಾಕ್ಟರುಗಳ ಮೇಲೆ ಹರಿಹಾಯ್ದೆ. ಒಳಗಿನ ಕೋಣೆಗೆ ಹೋಗಬೇಕಾದಾಗ ಪರದೆ ತೆಗೆದು ಬಿಸಿಲು ಬಿಟ್ಟುಕೊಂಡೇ ಹೋಗುತ್ತಿದ್ದೆ. ಅವರು ಕೂರುತ್ತಿದ್ದ ಸ್ಟೂಲು ಗೋಡೆಗೆ ಒತ್ತಿ ನಿಂತಿತ್ತು. ಅದರ ಕಡೆ ಬೆನ್ನು ಹಾಕಲು ಆಗುತ್ತಿರಲಿಲ್ಲ. ಮುಖ ಹಾಕಲೂ ಆಗುತ್ತಿರಲಿಲ್ಲ.

ಮೂರನೆಯ ದಿನ ಡಾಕ್ಟರಿಗೆ ಫೋನ್ ಮಾಡಿ ಹಿಂದಿನದನ್ನೂ ಕೊಯ್ಯುತ್ತೇನೆ ಎಂದೆ. ಅವರಿಗೆ ಗಾಬರಿಯಾಯಿತು. ಗಟ್ಟಿ ಇದ್ದದ್ದನ್ನು ಯಾಕೆ ಕೆಡಿಸುತ್ತೀರಿ, ಮುಂದಿನದಷ್ಟು ಮಾಡಿ ಮುಗಿಸಿ ಎಂದರು. ನಾನು ಗಾಜಿನ ವಿಷಯ ಹೇಳಿದೆ.

“ನಿಮಗ ತಿಳದಂಗ ಮಾಡ್ರಿ,” ಎಂದರು ಕಡೆಗೆ. “ಆದ್ರ ಹೋತಂದ್ರ, ಆ ಹಿರಿಯರಿಗೆ ಹೇಳಾವ್ರು ನೀವ.”

ಆತ್ರಿ ಎಂದು ಫೋನಿಟ್ಟೆ.

ಕೂದಲಿನಂಥ ಗರಗಸದ ಎಲೆ ಹಾಕಿ, ಅವರ ತಗ್ಗಿನ ನಟ್ಟನಡುವೆ ಇಟ್ಟು, ಕೊಯ್ದೆ. ಗಟ್ಟಿ ಬಂಗಾರ ಕೊಯ್ಯುವಾಗ ಎಲೆ ಕಚ್ಚಿ ಕಚ್ಚಿ ನಡೆಯಬೇಕು. ಇಲ್ಲಿ ಎರಡೆಳೆತ ಕಚ್ಚಿತು, ಮೂರನೆಯದಕ್ಕೆ ಸುಮ್ಮನೆ ಜಾರಿ ಒಳಗೆ ಹೋಯಿತು. ನೋಡುವ ಮೊದಲೇ ಕೈಗೆ ತಿಳಿದುಬಿಟ್ಟಿತು. ಭೂತಗನ್ನಡಿಯ ಕೆಳಗೆ ಹಿಡಿದೆ. ಅದೇ ಚರ್ಮ, ಅದೇ ಪೊಳ್ಳು, ಅದೇ ಗಾಜು.

ಒಮ್ಮೆ ತಪ್ಪಿದರೆ ಕೈತಪ್ಪು. ಒಂದೇ ಸಲದ ಕೆಲಸದಲ್ಲಿ ಎರಡೂ ಒಂದೇ ಬಗೆಯಲ್ಲಿ ತಪ್ಪಿದರೆ ಮಾಡಿದವರಿಗೆ ಅದು ಕಂಡೇ ಇಲ್ಲ ಎಂದು ಅರ್ಥ.

ಕಂಡೇ ಇಲ್ಲ. ಗರಗಸ ಕೆಳಗಿಟ್ಟೆ. ಪಂಚಮಿ ಹಬ್ಬದಲ್ಲಿ ಹಾಕಿಸಿದ್ದು ಎಂದು ಸಾವಕಾರರು ಹೇಳಿದ್ದರು. ಪಂಚಮಿಗೆ ನಾನು ಲ್ಯಾಬಿನಲ್ಲಿ ಇರುತ್ತಿರಲಿಲ್ಲ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಯಾವ ಕೆಲಸವಿದ್ದರೂ ಬಿಟ್ಟು ತವರಿಗೆ ಹೋಗಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ನನ್ನ ತವರು ಧಾರವಾಡದ ಲಕಮನಹಳ್ಳಿ, ಬಸ್ಸು ಹತ್ತಿದರೆ ಬಂತು ಎನ್ನುವಷ್ಟು ಹತ್ತಿರ. ಆದರೂ ಪ್ರತಿ ವರ್ಷ ಅಣ್ಣ ಬಂದು ಕರೆದೊಯ್ಯುತ್ತಿದ್ದ. ಆ ದಿನಗಳಲ್ಲಿ ಅವರ ಪಕ್ಕ ಬಣ್ಣ ಹೇಳಲು ಯಾರೂ ಇರಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಕಡೆಯ ವರ್ಷ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಾಗ ಕಣ್ಣಿನ ಹಿಂಪರದೆ ಹಾಳಾಗಿದೆ ಎಂದರು. ಈಗೀಗ ಸ್ವಲ್ಪ ಮಸುಕು, ಅಷ್ಟೇ ಎಂದು ಇವರು ಹೇಳಿದರು, ನಾನು ನಂಬಿದೆ. ನಂಬದೆ ಏನು ಮಾಡಲಿ, ಅಷ್ಟು ಸಲೀಸಾಗಿ ಹೇಳಿದರು. ಈಗ ಎಲ್ಲ ಸಾಲಾಗಿ ಬಂದು ನಿಂತವು. ಸ್ಕೂಟರ್ ಬಿಟ್ಟು ಚಿಗರಿ ಬಸ್ಸು ಹಿಡಿದದ್ದು. ರಸ್ತೆಯಲ್ಲಿ ಸಿಗ್ನಲ್ ಹೆಚ್ಚಾದವು, ತಲೆನೋವು ಎಂದಿದ್ದರು. ಪೇಪರನ್ನು ನನ್ನಿಂದ ಓದಿಸುತ್ತಿದ್ದದ್ದು, ನಿನ್ನ ದನಿಯಲ್ಲಿ ಕೇಳಿದರೆ ಸುಳ್ಳು ಸುದ್ದಿಯೂ ಖರೇ ಅನಿಸುತ್ತದೆ ಎಂದು ಚೇಷ್ಟೆ ಮಾಡಿದ್ದು. ಪಾಲಿಶ್ ಮಾಡಿದ್ದನ್ನು ಕಣ್ಣಿನ ಬದಲು ಹೆಬ್ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದದ್ದು. ಊರೆಲ್ಲ ಹೊಗಳುವ ಆ ನುಣುಪು, ಆ ತಗ್ಗು ಎಲ್ಲ ಬೆರಳಿನ ಕೆಲಸ.

ಮತ್ತೆ ಬಣ್ಣ. ಮೊದಮೊದಲು ನಮ್ಮಲ್ಲಿ ಬಣ್ಣ ಹೇಳುವ ಪದ್ಧತಿ ಇರಲೇ ಇಲ್ಲ ಎಂದು ಆಗ ನೆನಪಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಒಳಗಿನ ಕೋಣೆಗೆ ನನ್ನನ್ನು ಬಿಡುತ್ತಿರಲಿಲ್ಲ, ಮಾತಾಡಿದರೆ ಸಿಡುಕುತ್ತಿದ್ದರು. ಎಷ್ಟೋ ವರ್ಷವಾದ ಮೇಲೆ ಒಂದು ದಿನ ತಾವೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. “ಕಲೀ. ನಾ ಇಲ್ದಾಗ ನಿನಗ ಬೇಕಾಗ್ತೈತಿ,” ಎಂದರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಗಂಡ ವಿದ್ಯೆ ಕೊಡುತ್ತಿದ್ದಾನೆ ಎಂದು ತವರಿನಲ್ಲಿ ಹೇಳಿಕೊಂಡು ತಿರುಗಿದ್ದೆ. “ಬಣ್ಣ?” ಎಂದು ಅವರು ಕೇಳಿದಾಗೆಲ್ಲ ಪರೀಕ್ಷೆಗೆ ಕೂತವಳ ಹಾಗೆ ಉತ್ತರ ಹೇಳುತ್ತಿದ್ದೆ. ಅವರು ಪರೀಕ್ಷೆ ಮಾಡುತ್ತಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ಕೇಳುತ್ತಿದ್ದರು.

ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು, ಉರಿದುಹೋಗುವಂಥ ಸಿಟ್ಟು. ನನಗೊಂದು ಮಾತು ಹೇಳಿದ್ದರೆ ಪಂಚಮಿಯೂ ಬೇಡ, ಉಂಡಿಯೂ ಬೇಡ ಎಂದು ಪಕ್ಕದಲ್ಲೇ ಕೂತಿರುತ್ತಿದ್ದೆನಲ್ಲ. ಬದುಕಿದ್ದವರ ಮೇಲಿನ ಸಿಟ್ಟನ್ನು ಪಾತ್ರೆ ಕುಕ್ಕಿ ತೀರಿಸಿಕೊಳ್ಳಬಹುದು. ಸತ್ತವರ ಮೇಲಿನದನ್ನು ಎಲ್ಲಿ ಒಯ್ದು ಹಾಕಬೇಕು? ಅದಕ್ಕಿಂತ ಹೆಚ್ಚಾಗಿ, ಇಂಥವು ಇನ್ನೆಷ್ಟಿವೆ? ನಾನು ಮಧ್ಯಾಹ್ನ ಕ್ಲಿನಿಕ್ಕುಗಳಿಗೆ ಕೆಲಸ ಮುಟ್ಟಿಸಲು ಹೋಗುತ್ತಿದ್ದೆ. ಮದುವೆ, ಮುಂಜಿ, ತಂಗಿಯ ಬಾಣಂತನಕ್ಕೆ ಹೋಗುತ್ತಿದ್ದೆ. ಬೆಂಕಿ ಕೆಲಸಕ್ಕೆ ನಾನು ಬರುವತನಕ ಕಾಯುತ್ತಿದ್ದರು, ಹೆಚ್ಚಾಗಿ. ಡಾಕ್ಟರು ಅವಸರ ಮಾಡಿದ ದಿನ ಕಾದಿದ್ದರೋ ಇಲ್ಲವೋ, ಯಾರಿಗೆ ಗೊತ್ತು?

ಆದರೆ ಎದುರಿಗೆ ಮೂರು ತುಂಡು ಬಿದ್ದಿತ್ತು, ಒಬ್ಬರು ಗಂಜಿ ಕುಡಿಯುತ್ತ ಕಾದಿದ್ದರು. ಮೊದಲು ಅದಾಗಬೇಕಿತ್ತು.

ಈ ಸಲ ಯಾವುದನ್ನೂ ಉಳಿಸಲಿಲ್ಲ. ನಾಲ್ಕೂ ಮುಖಗಳನ್ನು ಹಸಿ ಬಂಗಾರ ಹೊಳೆಯುವತನಕ ಸವೆಸಿದೆ. ತಗ್ಗು ಹೋಯಿತು, ಗೆರೆ ಹೋಯಿತು. ಸವೆಸಿದ್ದಕ್ಕೆ ಸಂದು ಅಗಲವಾಯಿತು. ಬರೀ ಬೆಸುಗೆಯಿಂದ ಅಷ್ಟು ತುಂಬಿದರೆ ಎಳೆದು ಸೊಟ್ಟ ಮಾಡುತ್ತದೆ. ಅದೇ ಜಾತಿಯ ಬಂಗಾರದ ಉಗುರಿನಷ್ಟು ತೆಳ್ಳಗಿನ ತಗಡು ಕತ್ತರಿಸಿ ಎರಡೂ ಕಡೆ ನಡುವೆ ನಿಲ್ಲಿಸುವುದೆಂದು ತೀರ್ಮಾನಿಸಿದೆ. ಮತ್ತೆ ಕ್ಲಿನಿಕ್ಕು, ಮತ್ತೆ ಸಾವಕಾರರ ಬಾಯಿ, ಮತ್ತೆ ಕೆಂಪು ಅಂಟು. ತೂಗುವ ಹಲ್ಲುಗಳಿಗೆ ಈಗ ಯಾವ ಆಸರೆಯೂ ಇರಲಿಲ್ಲ, ಡಾಕ್ಟರು ಉಸಿರು ಬಿಗಿಹಿಡಿದು ಕೂರಿಸಿದರು. ಮೊದಲ ಸಲ ಹಿಡಿದದ್ದು ತೆಗೆಯುವಾಗ ಅಲುಗಿತು. ಎಲ್ಲ ಬಿಚ್ಚಿ ಮತ್ತೊಮ್ಮೆ ಮಾಡಿದೆವು. ಎರಡು ತುಂಡಾಗಿದ್ದದ್ದು ಮೂರು ಹೇಗಾಯಿತು ಎಂದು ಸಾವಕಾರರು ಕೇಳಲಿಲ್ಲ, ಅವರಿಗೆ ಕಾಣುವಂತಿರಲಿಲ್ಲ. ನಾನೂ ಆಗ ಬಾಯಿ ಬಿಡಲಿಲ್ಲ.

ಗಾರೆ, ಕುಲುಮೆ, ಪೆನ್ಸಿಲ್ ಗೆರೆ, ಬಿಳಿಗಾರ. ಪರದೆ ಎಳೆದೆ. ಟಾರ್ಚ್ ಹಚ್ಚಿದೆ. ಎರಡು ಬೆಸುಗೆ ಒಂದೇ ಕಾವಿನಲ್ಲಿ ಓಡಬೇಕು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಮೊದಲನೆಯದು ಮತ್ತೆ ಕರಗುತ್ತದೆ. ಉರಿಯನ್ನು ಆಡಿಸುತ್ತ ಇಡೀ ಗಾರೆಯನ್ನು ಒಂದೇ ಸಮ ಕಾಯಿಸಿದೆ. ಕಪ್ಪು ಕಂದಾಯಿತು, ಕಂದು ಕುಂಕುಮಕ್ಕೆ ತಿರುಗಿತು.

“ಬಣ್ಣ?”

ಸ್ಪಷ್ಟವಾಗಿ ಕೇಳಿಸಿತು. ಅದೇ ದನಿ, ಅದೇ ಬಲಗಡೆಯಿಂದ. ನಾಲಿಗೆಯ ತುದಿಗೆ ಬಂದ ಉತ್ತರವನ್ನು ಹಲ್ಲು ಕಚ್ಚಿ ತಡೆದೆ. ಹೇಳಿದರೆ ಉರಿಯನ್ನು ಅವರು ಎತ್ತಿಬಿಡುತ್ತಾರೆ ಎಂದು ಅನಿಸಿತು. ಹುಚ್ಚು ಎನ್ನಿ, ಏನಾದರೂ ಎನ್ನಿ, ಆ ಹೊತ್ತಿಗೆ ಹಾಗೆ ಅನಿಸಿತು. ಕುಂಕುಮ ದಾಟಿ ಕೇಸರಿ ಬಂತು. ಮುಂದಿನ ಸಂದಿನಲ್ಲಿ ಬೆಸುಗೆ ಮಿಂಚಿತು. ಹಿಂದಿನದು ಇನ್ನೂ ಗುಂಡಾಗಿ ನಿಂತಿತ್ತು. ಕ್ಯಾಪಿನ ಅಂಚು ಹೊಳೆಯತೊಡಗಿತ್ತು, ಇನ್ನೊಂದು ಕ್ಷಣಕ್ಕೆ ಕುಸಿಯುವ ಹೊಳಪು. ಉರಿ ಎತ್ತು ಎಂದು ಕೈ ಕೂಗುತ್ತಿತ್ತು. ಎತ್ತಲಿಲ್ಲ. ಉರಿಯ ತುದಿಯನ್ನು ಹಿಂದಕ್ಕೆ ವಾಲಿಸಿ ಹಿಡಿದೆ. ಗುಂಡು ಒಡೆದು ಸಂದಿನೊಳಗೆ ಸರ್ರನೆ ಇಳಿಯಿತು, ಆಚೆಯ ಬದಿಯಲ್ಲೂ ಹೊಳೆಯಿತು. ಆಗ ಎತ್ತಿದೆ. ತಿರುಗಿ ನೋಡಿದೆ. ಗೋಡೆ, ಸ್ಟೂಲು, ಅಷ್ಟೇ.

ಆರಿದ ಮೇಲೆ ಬಾಗಿಸಿ ನೋಡಿದೆ, ಬೆರಳು ನೋಯುವಷ್ಟು. ಜಗ್ಗಲಿಲ್ಲ. ಅಂಚು ನೆಟ್ಟಗಿತ್ತು. ಪಾಲಿಶ್ ಮಾಡುವಾಗ ತಗ್ಗು ಬಿಡಲೇ ಬೇಡವೇ ಎಂದು ಒಂದು ಗಳಿಗೆ ಕೈ ತಡೆಯಿತು. ಬಿಡಲಿಲ್ಲ.

ಕ್ಲಿನಿಕ್ಕಿನಲ್ಲಿ ಬ್ರಿಜ್ಜು ಟಕ್ ಎಂದು ಕೂತಿತು. ಡಾಕ್ಟರು ಅಂಚು ಮುಟ್ಟಿ ನೋಡಿ, ಕಚ್ಚಿಸಿ ನೋಡಿ, ನನ್ನ ಕಡೆ ತಿರುಗಿ ಮೊದಲ ಸಲ ನಕ್ಕರು. ಅಂಟಿಸಿ, ಅಂಟು ಆರಿದ ಮೇಲೆ ಸಾವಕಾರರು ಎದ್ದು ಕೂತು ಹಲ್ಲು ಕಟಕಟ ಎನಿಸಿದರು. ಮುಖ ಅರಳಿತು. ಇವತ್ತೇ ಒಣಗಿದ ಕಟಕ ರೊಟ್ಟಿ ತಿನ್ನುತ್ತೇನೆ ಎಂದರು. ಡಾಕ್ಟರು ನಾಳೆ ಎಂದರು.

“ನೋಡ್ರಿ ಡಾಕ್ಟ್ರ, ಅವರು ಹೋದ್ರೂ ಅವರ ಕೈ ನನ್ನ ಬಾಯಾಗ ಹಂಗ ಐತಿ,” ಎಂದು ನನ್ನ ಕಡೆ ಕೈ ಮುಗಿದರು.

ಹೌದು ಎಂದು ತಲೆ ಆಡಿಸಿ ಬಂದುಬಿಡಬಹುದಿತ್ತು. ಯಾರಿಗೂ ನಷ್ಟವಿರಲಿಲ್ಲ. ಅವರ ಹೆಸರು ಹಾಗೇ ಉಳಿಯುತ್ತಿತ್ತು, ನನಗೂ ಆ ಹೆಸರಿನ ನೆರಳಲ್ಲೇ ಕೆಲಸ ಬರುತ್ತದೆ. ತಲೆ ಆಡಲಿಲ್ಲ.

“ಇಲ್ರಿ ಸಾವಕಾರ್ರ,” ಎಂದೆ. “ಅವರ ಬೆಸಿಗಿ ಎರಡೂ ಕಡದ್ ತಗದೇನ್ರಿ. ಒಳಗ ಪೊಳ್ಳ ಇದ್ದುವು. ಅವರಿಗೆ ಕಣ್ಣು ಕಾಣ್ತಿರಲಿಲ್ಲರಿ. ನನಗೂ ಹೇಳಿರಲಿಲ್ಲ. ಈಗ ಬಾಯಾಗಿರೂದು ನಂದು.”

ಸಾವಕಾರರ ಮುಗಿದ ಕೈ ಮೆಲ್ಲಗೆ ಕೆಳಗಿಳಿಯಿತು. ಕೆನ್ನೆಯೊಳಗೆ ನಾಲಿಗೆ ಬ್ರಿಜ್ಜನ್ನು ಹುಡುಕುತ್ತ ಆ ತುದಿಯಿಂದ ಈ ತುದಿಗೆ ಹೋದದ್ದು ಹೊರಗಿನಿಂದಲೇ ಕಾಣುತ್ತಿತ್ತು.

“ಅಂದ್ರ ಅವರದು ಏನೂ ಉಳೀಲಿಲ್ಲ ಅನ್ನು,” ಎಂದರು.

“ಉಳದಾವ್ರಿ. ಊರ ತುಂಬ ಮಂದಿ ಬಾಯಾಗ ಉಳದಾವ. ಯಾವ್ಯಾವು ಪೊಳ್ಳ ಅದಾವ ಅನ್ನೂದು ನನಗ ಗೊತ್ತಿಲ್ಲ.”

ಡಾಕ್ಟರು ಗ್ಲೌಸು ಕಳಚುತ್ತಿದ್ದರು. ಒಂದು ಕೈಯದು ಕಳಚಿ, ಇನ್ನೊಂದು ಅರ್ಧಕ್ಕೇ ನಿಂತಿತು.

“ನಮ್ಮ ಅವ್ವನ ಬಾಯಾಗೂ ಅವರ ಮಾಡಿದ್ದ ಐತ್ರಿ, ಅಕ್ಕಾರ,” ಎಂದರು.

“ಮದಲ ಆಕಿನ್ನ ಕರಕೊಂಡ ಬರ್ರಿ,” ಎಂದೆ.